ಗಣಕ ಗವಾಕ್ಷಿ: ಪರೀಕ್ಷಿಸಿದ ಚಿಪ್, ತೆರೆದ ಮುಚ್ಚಳ



ಕಳೆದ ತಿಂಗಳು ಸಂಘದ ಸಭಾಂಗಣದಲ್ಲಿ ನಾಟಕ ಮುಗಿದು ಎಲ್ಲರೂ ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದಾಗ ನಿಮ್ಮಲ್ಲೇ ಒಬ್ಬ ಯುವಕ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. "ಅಂಕಲ್, ಇದು ತಗೊಳ್ಳಬಹುದಾ?" ಅದರಲ್ಲಿದ್ದುದು ಬಳಸಿದ ಪ್ರೊಸೆಸರ್ ಒಂದರ ಮಾರಾಟದ ಜಾಹೀರಾತು. ಇಂಟೆಲ್ ಕೋರ್ ಐ7-8700ಕೆ. ಮುಚ್ಚಳ ತೆಗೆದು ಒಳಗೆ ದ್ರವಲೋಹ ಹಾಕಿದ್ದು. 5 ಗಿಗಾಹರ್ಟ್ಸ್ ವೇಗಕ್ಕೆ ಪರೀಕ್ಷಿಸಿ ನೋಡಿದ್ದು. ಅದೇ ಹೆಸರಿನ ಮಾಮೂಲಿ ಚಿಪ್‌ಗಿಂತ ಆರು ಸಾವಿರ ರೂಪಾಯಿ ಜಾಸ್ತಿ.

ಹುಡುಗ ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಅದಕ್ಕೆ ಒಪ್ಪುವ ಮದರ್‌ಬೋರ್ಡ್ ಅವನ ಬಳಿ ಆಗಲೇ ಇದೆ. ರಾತ್ರಿ ಹೊತ್ತು ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿ ನಾಲ್ಕು ಕಾಸು ಸಂಪಾದಿಸುತ್ತಾನೆ; ಅದಕ್ಕೆ ವೇಗ ಬೇಕು. ಆರು ಸಾವಿರವೆಂದರೆ ಅವನಿಗೆ ಚಿಲ್ಲರೆಯಲ್ಲ. "ಉಪ್ಪಿಟ್ಟು ಆರುವುದರೊಳಗೆ ಹೇಳಿ ಮುಗಿಸುವ ವಿಷಯ ಇದಲ್ಲಪ್ಪ, ಅಂಕಣದಲ್ಲಿ ಬರೆಯುತ್ತೇನೆ. ಅಲ್ಲಿಯವರೆಗೆ ದುಡ್ಡು ಕೊಡಬೇಡ" ಎಂದೆ. ಮಾತು ಕೊಟ್ಟಂತೆ ಬರೆಯುತ್ತಿದ್ದೇನೆ. ಪ್ರಶ್ನೆ ಅವನದಾದರೂ ನಿಮ್ಮಲ್ಲಿ ಹಲವರಿಗೆ ಉಪಯೋಗವಾದೀತು.

ಒಂದೇ ತೋಟದ ಗೋಡಂಬಿ

ಒಂದೇ ಹೆಸರಿನ, ಒಂದೇ ಕಾರ್ಖಾನೆಯಿಂದ ಬಂದ ಎರಡು ಪ್ರೊಸೆಸರ್‌ಗಳಲ್ಲಿ ವ್ಯತ್ಯಾಸ ಏಕಿರಬೇಕು? ಮಂಗಳೂರು, ಉಡುಪಿ ಕಡೆಯವರು ರಜೆಗೆ ಊರಿಗೆ ಹೋದಾಗ ಗೋಡಂಬಿ ಪೊಟ್ಟಣದ ಮೇಲೆ ಡಬ್ಲ್ಯು-180, ಡಬ್ಲ್ಯು-240, ಡಬ್ಲ್ಯು-320 ಎಂದು ಬರೆದಿರುವುದನ್ನು ನೋಡಿರಬಹುದು. ಒಂದು ಪೌಂಡು ತೂಕಕ್ಕೆ ಹೆಚ್ಚೆಂದರೆ ಎಷ್ಟು ಇಡೀ ಬೀಜಗಳು ಬರುತ್ತವೆ ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಬೀಜ ದಪ್ಪವಿದ್ದಷ್ಟೂ ಸಂಖ್ಯೆ ಚಿಕ್ಕದು, ಬೆಲೆ ದೊಡ್ಡದು. ತೋಟ ಒಂದೇ, ಮರವೂ ಒಂದೇ ಇರಬಹುದು; ಆರಿಸಿ ಬೇರೆ ಬೇರೆ ಪೊಟ್ಟಣಕ್ಕೆ ಹಾಕಿದವರು ಕಾರ್ಖಾನೆಯವರು.

ಪ್ರೊಸೆಸರ್‌ಗಳ ಕಥೆಯೂ ಇಂಥದೇ. 300 ಮಿಲಿಮೀಟರ್ ವ್ಯಾಸದ ಸಿಲಿಕಾನ್ ಬಿಲ್ಲೆಯ ಮೇಲೆ ನೂರಾರು ಚಿಪ್‌ಗಳನ್ನು ಒಟ್ಟಿಗೆ ಮೂಡಿಸುತ್ತಾರೆ. ಎಷ್ಟೇ ನಾಜೂಕಾಗಿ ಮಾಡಿದರೂ ಒಂದು ಚಿಪ್‌ನಂತೆ ಇನ್ನೊಂದು ಇರುವುದಿಲ್ಲ. ಒಂದು ಕಡಿಮೆ ವೋಲ್ಟೇಜಿನಲ್ಲೇ ಚುರುಕಾಗಿ ಓಡುತ್ತದೆ, ಪಕ್ಕದ್ದಕ್ಕೆ ಅದೇ ಓಟಕ್ಕೆ ಹೆಚ್ಚು ವೋಲ್ಟೇಜ್ ಬೇಕು. ತಯಾರಕರು ಪರೀಕ್ಷಿಸಿ ವಿಂಗಡಿಸುತ್ತಾರೆ. ಇದಕ್ಕೆ ಬಿನ್ನಿಂಗ್ ಎನ್ನುತ್ತಾರೆ. ಡಬ್ಬಿಯ ಮೇಲೆ ಬರೆದ ವೇಗಕ್ಕೆ ಮಾತ್ರ ಅವರ ಖಾತರಿ. ಅದರಾಚೆ ಎಷ್ಟು ಓಡುತ್ತದೆ ಎಂಬುದು ಕೊಂಡವನ ಅದೃಷ್ಟ. ಆದ್ದರಿಂದಲೇ ಈ ಹವ್ಯಾಸಿಗಳ ಬಾಯಲ್ಲಿ ಅದಕ್ಕೆ "ಸಿಲಿಕಾನ್ ಲಾಟರಿ" ಎಂಬ ಹೆಸರು. ಲಾಟರಿ ಚೀಟಿ ಕೊಳ್ಳುವ ಬದಲು, ಬಹುಮಾನ ಬಂದ ಚೀಟಿಯನ್ನೇ ಹೆಚ್ಚು ಹಣ ಕೊಟ್ಟು ಕೊಳ್ಳುವುದೇ ಪರೀಕ್ಷಿಸಿದ ಪ್ರೊಸೆಸರ್‌ನ ವ್ಯಾಪಾರ.

ಟೇಪಿನ ಚೂರಿನ ಕಾಲ

ಇದು ನಿನ್ನೆ ಮೊನ್ನೆಯ ವ್ಯಾಪಾರವೇನಲ್ಲ. 1998ರ ಆಗಸ್ಟ್‌ನಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಬಂತು. ಹೆಸರಿಗೆ 300 ಮೆಗಾಹರ್ಟ್ಸ್‌ನ ಅಗ್ಗದ ಚಿಪ್. ಮದರ್‌ಬೋರ್ಡಿನ 66 ಮೆಗಾಹರ್ಟ್ಸ್ ಬಡಿತವನ್ನು ಅದು ನಾಲ್ಕೂವರೆಯಿಂದ ಗುಣಿಸಿಕೊಂಡು 300ಕ್ಕೆ ಓಡುತ್ತಿತ್ತು. ಬಡಿತವನ್ನು 100ಕ್ಕೆ ಏರಿಸಿದರೆ? ನೇರವಾಗಿ 450! ಅದೇ ವರ್ಷದ ದುಬಾರಿ ಪೆಂಟಿಯಂ-2ರ ವೇಗ. ಕೆಲವು ಬೋರ್ಡ್‌ಗಳಲ್ಲಿ ಇದಕ್ಕಾಗಿ ಚಿಪ್‌ನ ಒಂದು ಸಂಪರ್ಕದ ಮೇಲೆ ಟೇಪಿನ ಸಣ್ಣ ಚೂರು ಅಂಟಿಸಿದರೆ ಸಾಕಿತ್ತು. ಎಲ್ಲ 300ಎಗಳೂ 450ಕ್ಕೆ ಏರುತ್ತಿರಲಿಲ್ಲವಾದ್ದರಿಂದ, ಏರುವಂಥವನ್ನು ಪರೀಕ್ಷಿಸಿ ಹೆಚ್ಚು ಬೆಲೆಗೆ ಮಾರುವವರು ಅಮೆರಿಕದಲ್ಲಿ ಹುಟ್ಟಿಕೊಂಡರು.

ಅದೇ ದಶಕದಲ್ಲಿ ಇನ್ನೊಂದು ದಂಧೆಯೂ ಹಲವು ದೇಶಗಳಲ್ಲಿ ನಡೆಯಿತು. ಕಡಿಮೆ ವೇಗದ ಚಿಪ್‌ನ ಮೇಲಿನ ಅಕ್ಷರ ಅಳಿಸಿ, ಹೆಚ್ಚಿನ ವೇಗ ಮುದ್ರಿಸಿ ಮಾರುವ ದಂಧೆ. ಚಿಪ್‌ನ ಗುಣಕಕ್ಕೆ ತಯಾರಕರು ಬೀಗ ಹಾಕಿದ್ದಕ್ಕೆ ಇದೂ ಒಂದು ಕಾರಣ. ಒಬ್ಬ ಪರೀಕ್ಷಿಸಿ ನಿಜ ಹೇಳಿ ಮಾರಿದ, ಇನ್ನೊಬ್ಬ ಸುಳ್ಳು ಬರೆದು ಮಾರಿದ. ಮೇಲ್ನೋಟಕ್ಕೆ ಇಬ್ಬರ ಚಿಪ್ಪೂ ಒಂದೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮುಚ್ಚಳದ ಕೆಳಗೇನಿದೆ?

ಇನ್ನು ಮುಚ್ಚಳದ ವಿಷಯ. ನಾವು ಪ್ರೊಸೆಸರ್ ಎಂದು ಕೈಯಲ್ಲಿ ಹಿಡಿಯುವ ಲೋಹದ ಚೌಕ ನಿಜವಾದ ಚಿಪ್ ಅಲ್ಲ, ಅದರ ಮುಚ್ಚಳ. ಒಳಗಿನ ಪುಟ್ಟ ಸಿಲಿಕಾನ್ ತುಣುಕಿನ ಶಾಖವನ್ನು ಹೀರಿ ಕೂಲರಿಗೆ ದಾಟಿಸುವುದು ಅದರ ಕೆಲಸ. ತುಣುಕಿಗೂ ಮುಚ್ಚಳಕ್ಕೂ ನಡುವೆ ಶಾಖ ದಾಟಿಸುವ ಪದಾರ್ಥವೊಂದು ಇರಲೇಬೇಕು. 2011ರ ಸ್ಯಾಂಡಿ ಬ್ರಿಜ್ ಚಿಪ್‌ಗಳಲ್ಲಿ ಇಂಟೆಲ್ ಅಲ್ಲಿ ಬೆಸುಗೆ ಹಾಕಿತ್ತು. 2012ರ ಐವಿ ಬ್ರಿಜ್‌ನಿಂದ ಸಾಮಾನ್ಯ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಬೆಸುಗೆ ಹೋಗಿ ಪೇಸ್ಟ್ ಬಂತು. ಪೇಸ್ಟ್ ಬೆಸುಗೆಯಷ್ಟು ಚೆನ್ನಾಗಿ ಶಾಖ ದಾಟಿಸದು. ಮೇಲಾಗಿ ಮುಚ್ಚಳದ ಅಂಚಿನ ಅಂಟು ದಪ್ಪಗಿದ್ದು ನಡುವೆ ಅಂತರವೂ ಉಳಿಯುತ್ತಿತ್ತು.

ಹವ್ಯಾಸಿಗಳು ಸುಮ್ಮನಿರುತ್ತಾರೆಯೇ? ಮುಚ್ಚಳ ಬಿಡಿಸಿ, ಹಳೆಯ ಪೇಸ್ಟ್ ಒರೆಸಿ, ಗ್ಯಾಲಿಯಂ ಬೆರೆತ ದ್ರವಲೋಹ ಸವರಿ, ಮತ್ತೆ ಮುಚ್ಚಳ ಅಂಟಿಸುವ ವಿದ್ಯೆ ಬೆಳೆಯಿತು. ಇದೇ ಡಿಲಿಡಿಂಗ್. 2017ರ 7700ಕೆ, 8700ಕೆಗಳಂಥ ಚಿಪ್‌ಗಳಲ್ಲಿ ಪೂರ್ಣ ಕೆಲಸದ ಹೊತ್ತಿನ ಬಿಸಿ ಇದರಿಂದ 10ರಿಂದ 20 ಡಿಗ್ರಿ ಸೆಲ್ಸಿಯಸ್ ಇಳಿದದ್ದುಂಟು. ಅಮೆರಿಕದ ಟೆಕ್ಸಸ್‌ನಲ್ಲಿ ಸಿಲಿಕಾನ್ ಲಾಟರಿ ಎಂಬ ಹೆಸರನ್ನೇ ಇಟ್ಟುಕೊಂಡ ಅಂಗಡಿ, ಜರ್ಮನಿಯಲ್ಲಿ ಕೇಸ್‌ಕಿಂಗ್ ಅಂಗಡಿ ಹೀಗೆ ಪರೀಕ್ಷಿಸಿ, ಮುಚ್ಚಳ ತೆಗೆದ ಚಿಪ್‌ಗಳನ್ನು ಮಾರಿದವು.

2018ರಲ್ಲಿ 9900ಕೆ ಚಿಪ್‌ನೊಂದಿಗೆ ಇಂಟೆಲ್ ಬೆಸುಗೆಗೆ ಮರಳಿತು. ತಯಾರಕರೇ ಚಿಪ್‌ಗಳನ್ನು ಕಾರ್ಖಾನೆಯಲ್ಲಿ ಅವುಗಳ ಮಿತಿಯ ಹತ್ತಿರಕ್ಕೆ ಓಡಿಸಿ ಮಾರತೊಡಗಿದರು. ಹೊರಗಿನವರು ಹಿಂಡುವುದಕ್ಕೆ ಹೆಚ್ಚೇನೂ ಉಳಿಯಲಿಲ್ಲ. 2021ರಲ್ಲಿ ಟೆಕ್ಸಸ್‌ನ ಆ ಅಂಗಡಿ ಬಾಗಿಲು ಹಾಕಿತು. ಇಂದು ಲ್ಯಾಮಿಂಗ್ಟನ್ ರೋಡ್, ನೆಹರೂ ಪ್ಲೇಸ್, ರಿಚಿ ಸ್ಟ್ರೀಟ್‌ಗಳಲ್ಲಾಗಲಿ ಮೊಬೈಲಿನ ಜಾಹೀರಾತಿನಲ್ಲಾಗಲಿ ನಿಮಗೆ ಇಂಥದು ಸಿಕ್ಕರೆ, ಬಹುಮಟ್ಟಿಗೆ ಅದು ಯಾರೋ ಬಳಸಿ ಬಿಟ್ಟ ಚಿಪ್. ಅಂಗಡಿಗೆ ತನ್ನ ಹೆಸರು ಉಳಿಸಿಕೊಳ್ಳುವ ಚಿಂತೆಯಿರುತ್ತದೆ. ಒಂದೇ ಒಂದು ಚಿಪ್ ಮಾರಿ ಹೋಗುವವನಿಗೆ ಆ ಚಿಂತೆ ಇಲ್ಲ.

ಲೆಕ್ಕ ಹಾಕೋಣ

ಆ 5 ಗಿಗಾಹರ್ಟ್ಸ್‌ನಿಂದ ಸಿಗುವುದೆಷ್ಟು? 8700ಕೆಯ ಆರೂ ಕೋರ್‌ಗಳು ಒಟ್ಟಿಗೆ ದುಡಿಯುವಾಗ ತಯಾರಕರೇ ಕೊಟ್ಟ ವೇಗ 4.3 ಗಿಗಾಹರ್ಟ್ಸ್. 5ಕ್ಕೆ ಏರಿಸಿದರೆ ಶೇಕಡಾ 16ರಷ್ಟು ಹೆಚ್ಚು. ಅಂದರೆ ಒಂದು ಗಂಟೆ ಹಿಡಿಯುವ ವಿಡಿಯೋ ಕೆಲಸ, ಎಲ್ಲ ಅನುಕೂಲವಾದರೆ, ಸುಮಾರು 52 ನಿಮಿಷಕ್ಕೆ ಮುಗಿದೀತು.

ಶಾಖದ ಲೆಕ್ಕ ಬೇರೆ. ಚಿಪ್ ಓಡುವಾಗ ಉಣ್ಣುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ; ಆದರೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಶಾಲೆಯ ಗಣಿತ ನೆನಪಿಸಿಕೊಳ್ಳಿ. ಉದಾಹರಣೆಗೆ 1.15 ವೋಲ್ಟಿನಲ್ಲಿ ಓಡುತ್ತಿದ್ದ ಚಿಪ್‌ಗೆ 5 ಗಿಗಾಹರ್ಟ್ಸ್ ಮುಟ್ಟಲು 1.35 ವೋಲ್ಟ್ ಬೇಕೆನ್ನೋಣ. ವೋಲ್ಟೇಜಿನಿಂದಲೇ 1.38 ಪಟ್ಟು, ವೇಗದಿಂದ 1.16 ಪಟ್ಟು, ಎರಡನ್ನೂ ಗುಣಿಸಿದರೆ 1.6 ಪಟ್ಟು. ಶೇಕಡಾ 16ರ ವೇಗಕ್ಕೆ ಶೇಕಡಾ 60ರ ಶಾಖ! ಒಳ್ಳೆಯ ಚಿಪ್ ಎಂದರೆ ಹೆಚ್ಚು ಓಡುವುದು ಎಂದಷ್ಟೇ ಅಲ್ಲ, ಕಡಿಮೆ ವೋಲ್ಟೇಜಿನಲ್ಲಿ ಓಡುವುದು. ಜಾಹೀರಾತಿನಲ್ಲಿ ವೇಗ ಮಾತ್ರ ಬರೆದು ವೋಲ್ಟೇಜ್ ಬರೆಯದಿದ್ದರೆ ಅರ್ಧ ಮಾತನ್ನು ಮುಚ್ಚಿಟ್ಟಂತೆ.

ನಮ್ಮ ಸೆಖೆಯ ಲೆಕ್ಕವೂ ಇದೆ. ಪರೀಕ್ಷೆ ನಡೆದದ್ದು 22 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ, ಚಿಪ್‌ನ ಬಿಸಿ 82 ಡಿಗ್ರಿ ಎನ್ನೋಣ. ಅಂದರೆ ಕೋಣೆಗಿಂತ 60 ಹೆಚ್ಚು. ಮುಂಬಯಿಯ ಮೇ ತಿಂಗಳ 34 ಡಿಗ್ರಿಯ ಕೋಣೆಯಲ್ಲಿ ಅದೇ ಚಿಪ್, ಅದೇ ಕೂಲರ್ ಸುಮಾರು 94ಕ್ಕೆ ಹೋಗುತ್ತದೆ. ಹೈದರಾಬಾದಿನಲ್ಲಿ ಕೋಣೆ 40 ಆದರೆ 100. ಈ ಚಿಪ್ 100 ಡಿಗ್ರಿ ಮುಟ್ಟಿದೊಡನೆ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ದುಡ್ಡು ಕೊಟ್ಟು ತಂದ 5 ಗಿಗಾಹರ್ಟ್ಸ್ ಮಧ್ಯಾಹ್ನದ ಹೊತ್ತಿಗೆ ಕಾಣೆಯಾಗುತ್ತದೆ.

ಕೇಳಬೇಕಾದ ಐದು ಪ್ರಶ್ನೆಗಳು

ಆದ್ದರಿಂದ ಮಾರುವವರನ್ನು ಸಂಕೋಚವಿಲ್ಲದೆ ಕೇಳಿ.

ಒಂದು: ಯಾವ ವೋಲ್ಟೇಜಿನಲ್ಲಿ ಆ ವೇಗ?

ಎರಡು: ಯಾವ ಪರೀಕ್ಷೆ, ಎಷ್ಟು ಹೊತ್ತು? ವಿಂಡೋಸ್ ತೆರೆದು ತೋರಿಸುವುದು ಪರೀಕ್ಷೆಯಲ್ಲ. ಸಿನಿಬೆಂಚ್ ಒಂದು ಸುತ್ತು ಓಡಿಸುವುದಕ್ಕೂ ಪ್ರೈಮ್95 ಒಂದು ಗಂಟೆ ಓಡಿಸುವುದಕ್ಕೂ ಅಜಗಜಾಂತರ.

ಮೂರು: ಎವಿಎಕ್ಸ್ ಎಂಬ ಭಾರದ ಲೆಕ್ಕಗಳು ಬಂದಾಗ ವೇಗ ಇಳಿಸುವಂತೆ ಹೊಂದಿಸಿದ್ದಾರೆಯೇ? ಹಾಗಿದ್ದರೆ 5 ಎಂಬುದು ಆ ಕೆಲಸದಲ್ಲಿ 4.8 ಆಗಿರಬಹುದು. ಇದು ಮೋಸವಲ್ಲ, ಆದರೆ ಹೇಳಬೇಕಾದ ಮಾತು. ವಿಡಿಯೋ ತಂತ್ರಾಂಶಗಳು ಈ ಲೆಕ್ಕಗಳನ್ನು ಬಳಸುವುದುಂಟು.

ನಾಲ್ಕು: ಯಾವ ಕೂಲರ್, ಕೋಣೆಯ ಉಷ್ಣತೆ ಎಷ್ಟಿತ್ತು?

ಐದು: ಮುಚ್ಚಳ ತೆಗೆದವರು ಯಾರು, ಯಾವಾಗ? ಒಳಗಿನ ಸಿಲಿಕಾನ್ ತುಣುಕಿನ ಅಂಚು ಗಾಜಿನಂತೆ ಮುಕ್ಕಾಗಬಲ್ಲದು. ದ್ರವಲೋಹ ವಿದ್ಯುತ್ತನ್ನು ಹರಿಸುತ್ತದೆ; ತೊಟ್ಟು ಹೊರಚೆಲ್ಲಿದರೂ ಶಾರ್ಟ್ ಆಗಬಹುದು. ತಿಳಿದವರು ಪಕ್ಕದ ಸಂಪರ್ಕಗಳ ಮೇಲೆ ಉಗುರುಬಣ್ಣ ಸವರಿ ಕಾಪಾಡುತ್ತಾರೆ. ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದು ಹಾಕುತ್ತದೆ ಎಂಬುದೂ ತಿಳಿದಿರಲಿ. ಮುಚ್ಚಳ ತೆಗೆದ ಕ್ಷಣಕ್ಕೇ ತಯಾರಕರ ಖಾತರಿ ಮುಗಿಯಿತು. ಮಾರಿದವರು ತಮ್ಮ ಖಾತರಿ ಕೊಡದಿದ್ದರೆ ಯಾರ ಖಾತರಿಯೂ ಇಲ್ಲ.

ಐದಕ್ಕೂ ಸರಿಯಾದ ಉತ್ತರ ಬಂದರೂ ಒಂದು ಮಾತು ಉಳಿಯುತ್ತದೆ. ಪರೀಕ್ಷೆ ಎಂಬುದು ಆ ದಿನದ ಪ್ರಮಾಣಪತ್ರ ಅಷ್ಟೆ. ಹೆಚ್ಚು ವೋಲ್ಟೇಜು, ಹೆಚ್ಚು ಬಿಸಿ ಚಿಪ್ ಅನ್ನು ನಿಧಾನವಾಗಿ ಸವೆಸುತ್ತವೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ 2024ರಲ್ಲಿ ಏನಾಯಿತೆಂದು ಓದಿರಬಹುದು. ಚಿಪ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಬೇಡುತ್ತಿದ್ದುದರಿಂದ ಹಲವು ಕಂಪ್ಯೂಟರುಗಳು ಅಸ್ಥಿರವಾದವು. ಕಂಪನಿ ಆಗಸ್ಟ್‌ನಲ್ಲಿ ತಿದ್ದುಪಡಿ ಕೊಟ್ಟು, ಖಾತರಿಯನ್ನು ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್‌ಗಳನ್ನು ಯಾವ ತಿದ್ದುಪಡಿಯೂ ಸರಿಮಾಡಲಾರದು. ಕಾರ್ಖಾನೆಯ ಲೆಕ್ಕವೇ ತಪ್ಪಬಹುದಾದರೆ, ವರ್ಷಗಟ್ಟಲೆ 5 ಗಿಗಾಹರ್ಟ್ಸ್‌ನಲ್ಲಿ ದುಡಿಸಿದ ಚಿಪ್‌ಗೆ ಹಳೆಯ ಪ್ರಮಾಣಪತ್ರ ನಂಬುವುದು ಹೇಗೆ?

ಹಾಗಾದರೆ ಏನು ಮಾಡಬೇಕು?

ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಯಂತ್ರವನ್ನು ಬಿಚ್ಚಿ ನೋಡುವ ಕುತೂಹಲ ಒಳ್ಳೆಯದು. ನಿಮ್ಮ ಮುಂದೆಯೇ ಒಂದು ಗಂಟೆ ಪರೀಕ್ಷೆ ಓಡಿಸಿ, ವೋಲ್ಟೇಜು, ಬಿಸಿ ಎರಡನ್ನೂ ತೆರೆಯ ಮೇಲೆ ತೋರಿಸಿದರೆ, ಒಂದೆರಡು ವಾರ ಮರಳಿಸುವ ಅವಕಾಶ ಕೊಟ್ಟರೆ, ಆರು ಸಾವಿರದಲ್ಲಿ ಸ್ವಲ್ಪ ಚೌಕಾಸಿ ಮಾಡಿ ಕೊಳ್ಳಿ. ಇಲ್ಲವಾದರೆ ಮಾಮೂಲಿ ಚಿಪ್ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಕೂಲರ್ ತನ್ನಿ. ಚಿಪ್ ಸತ್ತರೂ ಕೂಲರ್ ಉಳಿಯುತ್ತದೆ.

ಕಾಸಿಲ್ಲದ ದಾರಿಯೂ ಒಂದಿದೆ. ನಿಮ್ಮ ಚಿಪ್ಪನ್ನು ನೀವೇ ಪರೀಕ್ಷಿಸಿ. ವೇಗ ಇದ್ದಲ್ಲೇ ಇರಲಿ; ಬಯಾಸ್‌ನಲ್ಲಿ ವೋಲ್ಟೇಜನ್ನು ಮಾತ್ರ 0.02ರಂತೆ ಇಳಿಸುತ್ತಾ, ಪ್ರತಿಸಲವೂ ಒಂದು ಗಂಟೆ ಪರೀಕ್ಷೆ ಓಡಿಸಿ, ಪುಸ್ತಕದಲ್ಲಿ ಬರೆದುಕೊಳ್ಳಿ. ಕಂಪ್ಯೂಟರ್ ತಡವರಿಸಿದರೆ ಹಿಂದಿನ ಅಂಕಕ್ಕಿಂತಲೂ ಒಂದು ಮೆಟ್ಟಿಲು ಮೇಲೆ ನಿಲ್ಲಿಸಿ. ವೋಲ್ಟೇಜು ಇಳಿಸುವುದರಿಂದ ಚಿಪ್ ಹಾಳಾಗುವುದಿಲ್ಲ. ಆದರೂ ಮುಖ್ಯ ಕಡತಗಳ ಪ್ರತಿ ಮೊದಲೇ ತೆಗೆದಿಡಿ, ಪರೀಕ್ಷೆಯ ನಡುವೆ ಕಂಪ್ಯೂಟರ್ ನಿಂತುಹೋದೀತು. 1.15 ವೋಲ್ಟಿನಿಂದ 1.07ಕ್ಕೆ ಇಳಿದರೂ ಸಾಕು, ಅದೇ ಸೂತ್ರದಂತೆ ಶಾಖ ಶೇಕಡಾ 13ರಷ್ಟು ಇಳಿಯುತ್ತದೆ. ಮುಚ್ಚಳ ತೆರೆಯದೆ ಸಿಕ್ಕ ತಂಪು ಇದು.

ನಮ್ಮ ಹಿರಿಯರ ಗಾದೆಯೊಂದಿದೆ: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು. ಇಲ್ಲಂತೂ ನೀವು ಪ್ರತ್ಯಕ್ಷವಾಗಿಯೂ ಕಂಡಿಲ್ಲ. ಇನ್ನೊಬ್ಬರು ಕಂಡೆವೆಂದ ಮಾತಿಗೆ ದುಡ್ಡು ಕೊಡುತ್ತಿದ್ದೀರಿ. ಕೊಡಿ, ಆದರೆ ಮಾತಿನ ಪೂರ್ತಿ ಲೆಕ್ಕ ಕೇಳಿ ಕೊಡಿ.

ಆ ಯುವಕ ಮೊನ್ನೆ ಫೋನು ಮಾಡಿದ್ದ. ಐದು ಪ್ರಶ್ನೆಗಳನ್ನೂ ಮಾರುವವರಿಗೆ ಕಳಿಸಿದ್ದನಂತೆ. ಎರಡಕ್ಕೆ ಉತ್ತರ ಬಂತು, ಮೂರಕ್ಕೆ ಬರಲಿಲ್ಲ; ಬೆಲೆ ಮಾತ್ರ ತಾನಾಗಿ ಎರಡು ಸಾವಿರ ಇಳಿಯಿತು. "ಈಗೇನು ಮಾಡಲಿ ಅಂಕಲ್?" ಎಂದ. "ಉಳಿದ ಮೂರನ್ನು ಇನ್ನೊಮ್ಮೆ ಕೇಳು" ಎಂದೆ.

ನಿಮ್ಮ ಪ್ರಶ್ನೆಗಳಿದ್ದರೆ ಸಂಘದ ಕಚೇರಿಗೆ ಬರೆದು ಕಳುಹಿಸಿ. ಕನ್ನಡದಲ್ಲೇ ಬರೆಯಿರಿ, ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ. ಮುಂದಿನ ಸಂಚಿಕೆಯಲ್ಲಿ ಭೇಟಿಯಾಗೋಣ.