ರಕ್ತ ನಿಂತದ್ದು ಎಳನೀರಿನಿಂದಲ್ಲ

ಮೂತ್ರ ಕೆಂಪಗೆ ಹೋಯಿತು ಅಂದರೆ ನಮ್ಮ ಯಡಿಯೂರಿನಲ್ಲಿ ಮೊದಲು ಸಿಗುವ ಔಷಧ ಎಳನೀರು. ತೆಂಗಿನ ಸೀಮೆ, ಕಾಯಿಗೇನು ಬರ. ಅದಕ್ಕೂ ಜಗ್ಗದಿದ್ದರೆ ಬಾರ್ಲಿ ನೀರು, ಜೀರಿಗೆ ನೀರು, ರಾತ್ರಿ ಹೊಕ್ಕುಳಿಗೆ ಹರಳೆಣ್ಣೆ. ಎರಡು ದಿನದಲ್ಲಿ ಬಣ್ಣ ತಿಳಿಯಾಗುತ್ತದೆ. 'ಉಷ್ಣ ಆಗಿತ್ತು, ಇಳೀತು' ಅಂತ ಜಗಲಿಯ ಮೇಲೆ ತೀರ್ಪೂ ಆಗಿಬಿಡುತ್ತದೆ.

ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೂತ್ರದ ಬಾಟಲಿಗಳ ನಡುವೆಯೇ ನೌಕರಿ ಮುಗಿಸಿದವಳು ನಾನು. ಈ ತೀರ್ಪು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಎಳನೀರಿನ ಮೇಲಲ್ಲ, ಅದಕ್ಕೆ ಸಲ್ಲದ ಕೀರ್ತಿಯ ಮೇಲೆ. ಮೂತ್ರಕೋಶದ ಒಳಪದರದಲ್ಲಿ ಗಡ್ಡೆ ಎದ್ದಾಗ ಬರುವ ರಕ್ತದ ಸ್ವಭಾವವೇ ಹಾಗೆ. ಒಂದು ದಿನ ಕಾಣಿಸಿಕೊಂಡು, ಏನೂ ಮಾಡದಿದ್ದರೂ ನಿಂತು, ವಾರವೋ ತಿಂಗಳೋ ಸುಮ್ಮನಿದ್ದು ಮತ್ತೆ ಬರುತ್ತದೆ. ಆ ನಡುವೆ ಕುಡಿದದ್ದು ಎಳನೀರಾದರೆ ಎಳನೀರು ಗೆದ್ದಿತು, ಹರಕೆ ಹೊತ್ತಿದ್ದರೆ ಸಿದ್ಧಲಿಂಗೇಶ್ವರ ಕಾಪಾಡಿದ. ಗಡ್ಡೆ ಮಾತ್ರ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ.

ನಮ್ಮ ಬೀದಿಯ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಹೇಳಿದ ಮಾತು ಇದು: 'ಉರಿ ಇಲ್ಲ, ನೋವಿಲ್ಲ, ಜ್ವರ ಇಲ್ಲ. ಆಸ್ಪತ್ರೆಗೆ ಯಾಕಕ್ಕ ಹೋಗ್ಲಿ?' ನೋವಿಲ್ಲದ್ದಕ್ಕೇ ಹೋಗಬೇಕು ಅಂದೆ. ನಕ್ಕರು. ಬೀಡಿ ಕಟ್ಟು ಅವರ ಜೇಬಿನಲ್ಲೇ ಇತ್ತು.

ಮೂತ್ರಕೋಶದ ಆ ಒಳಪದರದ ಕೆಲಸ ನೋಡಿದರೆ ಗೌರವ ಹುಟ್ಟುತ್ತದೆ. ದೇಹ ಬೇಡವೆಂದು ಹೊರಹಾಕಿದ ಯೂರಿಯಾ, ಉಪ್ಪು, ಆಮ್ಲ ಎಲ್ಲ ಗಂಟೆಗಟ್ಟಲೆ ಮೂತ್ರಕೋಶದಲ್ಲಿ ನಿಂತಿದ್ದರೂ ಮತ್ತೆ ರಕ್ತಕ್ಕೆ ಇಳಿಯದಂತೆ ತಡೆಯುವುದು ಈ ತೆಳು ಪದರ. ತಳದಲ್ಲಿ ಸಣ್ಣ ಜೀವಕೋಶಗಳು, ನಡುವೆ ಬೆಳೆಯುತ್ತಿರುವವು, ಎಲ್ಲಕ್ಕೂ ಮೇಲೆ ಅಗಲವಾಗಿ ಹರಡಿಕೊಂಡ 'ಅಂಬ್ರೆಲಾ' ಕೋಶಗಳು. ಇವುಗಳ ಮೈಮೇಲೆ ಯೂರೋಪ್ಲಾಕಿನ್ ಎಂಬ ಪ್ರೋಟೀನಿನ ಬಿಲ್ಲೆಗಳು ಒತ್ತೊತ್ತಾಗಿ ಹಾಸಿಕೊಂಡಿರುತ್ತವೆ. ಮೂತ್ರ ತುಂಬುತ್ತ ಬಂದಂತೆ ಈ ಕೋಶಗಳು ಒಳಗೆ ಮಡಚಿಟ್ಟ ಪೊರೆಯನ್ನು ಸೀರೆಯ ನೆರಿಗೆ ಬಿಚ್ಚಿದ ಹಾಗೆ ಹೊರಗೆ ಬಿಡುತ್ತವೆ, ಖಾಲಿಯಾದ ಮೇಲೆ ಒಳಗೆಳೆದುಕೊಳ್ಳುತ್ತವೆ. ಕರುಳಿನ ಒಳಪದರ ಕೆಲವೇ ದಿನಕ್ಕೊಮ್ಮೆ ಹೊಸದಾಗುತ್ತದೆ. ಇದು ತಿಂಗಳುಗಟ್ಟಲೆ ಬಾಳುತ್ತದೆ.

ಸೋಂಕು ತಗುಲಿದರೆ ಇದು ಸುಮ್ಮನಿರುವುದಿಲ್ಲ. ಇ. ಕೋಲೈ ಬ್ಯಾಕ್ಟೀರಿಯಾ ಆ ಬಿಲ್ಲೆಗಳನ್ನೇ ಹಿಡಿದು ಅಂಟಿಕೊಳ್ಳುತ್ತದೆ, ಒಳಗೂ ನುಗ್ಗುತ್ತದೆ. ಮೇಲಿನ ಜೀವಕೋಶಗಳು ಬ್ಯಾಕ್ಟೀರಿಯಾ ಸಮೇತ ಕಳಚಿಕೊಂಡು ಮೂತ್ರದಲ್ಲಿ ಹೊರಟುಹೋಗುತ್ತವೆ. ಉರಿ, ಕಿಬ್ಬೊಟ್ಟೆ ನೋವು, ಗಳಿಗೆಗೊಮ್ಮೆ ಒಂದಕ್ಕೆ ಓಡಾಟ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ತಳದಲ್ಲಿ ಉಳಿದ ಗಸಿಯ ಒಂದು ಹನಿಯನ್ನು ಸ್ಲೈಡಿಗೆ ಹಾಕಿದರೆ ಕೀವಿನ ಕಣಗಳು ಕಿಕ್ಕಿರಿದಿರುತ್ತವೆ. ಇಂಥವರು ತಾವಾಗಿಯೇ ಆಸ್ಪತ್ರೆಗೆ ಬರುತ್ತಾರೆ, ನೋವು ಕರೆತರುತ್ತದೆ. ನನಗೆ ಭಯವಾಗುತ್ತಿದ್ದದ್ದು ಇನ್ನೊಂದು ಬಗೆಯ ಸ್ಲೈಡು: ಕೀವಿಲ್ಲ, ಬ್ಯಾಕ್ಟೀರಿಯಾ ಇಲ್ಲ, ಕಣ್ಣು ಹಾಯಿಸಿದಲ್ಲೆಲ್ಲ ಬರೀ ಕೆಂಪು ರಕ್ತಕಣ.

ಬೀಡಿಗೂ ಮೂತ್ರಕ್ಕೂ ಏನು ಸಂಬಂಧ ಅಂತ ಕೇಳುವವರಿಗೆ ಒಂದು ಹಳೇ ಕತೆ ಇದೆ. 1895ರಲ್ಲಿ ಜರ್ಮನಿಯ ಲುಡ್ವಿಗ್ ರೇನ್ ಎಂಬ ಶಸ್ತ್ರವೈದ್ಯ, ಬಣ್ಣದ ಕಾರ್ಖಾನೆಯ ಕೂಲಿಗಳಲ್ಲಿ ಮೂತ್ರಕೋಶದ ಗಡ್ಡೆ ಕಂಡು ವರದಿ ಮಾಡಿದ. ಆ ಬಣ್ಣದ ಕೈಗಾರಿಕೆಯಲ್ಲಿ ರೋಗಕ್ಕೆ ಕಾರಣವೆಂದು ಆಮೇಲೆ ಗೊತ್ತಾದ ಆರೊಮ್ಯಾಟಿಕ್ ಅಮೈನ್‌ಗಳು ತಂಬಾಕಿನ ಹೊಗೆಯಲ್ಲೂ ಇವೆ. ಹೊಗೆ ಶ್ವಾಸಕೋಶದಿಂದ ರಕ್ತಕ್ಕೆ, ಮೂತ್ರಪಿಂಡ ಸೋಸಿ ಮೂತ್ರಕ್ಕೆ. ಅಲ್ಲಿ ಆ ಪದರಕ್ಕೆ ತಾಗಿಕೊಂಡೇ ವಿಷ ನಿಂತಿರುತ್ತದೆ, ವರ್ಷಾನುಗಟ್ಟಲೆ. ಸೇದುವವರಿಗೆ ಮೂತ್ರಕೋಶದ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಸುಮಾರು ಮೂರು ಪಟ್ಟು. ಬೀಡಿ ಕಟ್ಟಿನ ಮೇಲಿನ ಎಚ್ಚರಿಕೆಯ ಚಿತ್ರಗಳಲ್ಲಿ ಬಾಯಿ, ಗಂಟಲು ನೋಡಿದ್ದೇನೆ. ಮೂತ್ರಕೋಶ ನೋಡಿದ ನೆನಪಿಲ್ಲ.

ಹೆಂಗಸರದ್ದು ಬೇರೆಯೇ ಪಾಡು. ಕೆಂಪು ಕಂಡರೆ ಮುಟ್ಟಿನದ್ದಿರಬೇಕು ಅಂತ ಅವರೇ ಅಂದುಕೊಳ್ಳುತ್ತಾರೆ. ಮುಟ್ಟು ನಿಂತು ಎಷ್ಟೋ ವರ್ಷವಾದವರೂ ಹೇಳಿಕೊಳ್ಳಲು ನಾಚುತ್ತಾರೆ. ಮೆಡಿಕಲ್ ಸ್ಟೋರಿನ ಆ್ಯಂಟಿಬಯೋಟಿಕ್ ನುಂಗಿದಾಗ ರಕ್ತ ನಿಂತರೆ, ಎಳನೀರಿನ ಕತೆಯೇ ಮತ್ತೆ. ಅವರಲ್ಲಿ ಈ ರೋಗ ಕಡಿಮೆ, ನಿಜ. ಆದರೆ ಗೊತ್ತಾಗುವುದು ಗಂಡಸರಿಗಿಂತ ತಡ.

ಕೆಂಪಾದದ್ದೆಲ್ಲ ರಕ್ತವಲ್ಲ ಎನ್ನುವುದನ್ನೂ ಹೇಳಬೇಕು. ಬೀಟ್‌ರೂಟ್ ಪಲ್ಯ ತಿಂದರೆ ಕೆಲವರಿಗೆ ಕೆಂಪಾಗುತ್ತದೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆಗೆ ಕಿತ್ತಳೆಯಾಗುತ್ತದೆ. ರಕ್ತವೇ ಆದರೂ ಕಲ್ಲು, ಸೋಂಕು, ಪ್ರಾಸ್ಟೇಟ್ ಏನೂ ಇರಬಹುದು. ಎಷ್ಟೋ ಸಲ ಕ್ಯಾನ್ಸರ್ ಆಗಿರುವುದಿಲ್ಲ. ಅದನ್ನು ತೀರ್ಮಾನಿಸಬೇಕಾದ್ದು ಪರೀಕ್ಷೆ, ಜಗಲಿಯಲ್ಲ. ಬೇಗ ಕಂಡರೆ ಗಡ್ಡೆಯನ್ನು ಮೂತ್ರನಾಳದ ಮೂಲಕವೇ ಕೆರೆದು ತೆಗೆಯುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಮಕ್ಕಳಿಗೆ ಹಾಕುವ ಬಿಸಿಜಿಯನ್ನೇ ಮೂತ್ರಕೋಶದೊಳಗೆ ತುಂಬಿಸಿ ರೋಗ ಮರುಕಳಿಸದಂತೆ ತಡೆಯುವ ಚಿಕಿತ್ಸೆ 1976ರಿಂದ ಇದೆ. ಸ್ನಾಯುವಿಗೆ ಇಳಿದ ಮೇಲೆ ಬಂದರೆ ಮೂತ್ರಕೋಶವನ್ನೇ ತೆಗೆಯಬೇಕಾದೀತು.

ವೈದ್ಯರಿಗೂ ಒಂದು ಮಾತು. ನಲವತ್ತು ದಾಟಿದ, ಬೀಡಿ ಸೇದುವ ರೈತ ನೋವಿಲ್ಲದ ಕೆಂಪು ಮೂತ್ರ ಅಂತ ಬಂದರೆ, ಬರೀ ಆ್ಯಂಟಿಬಯೋಟಿಕ್ ಕೊಟ್ಟು ಕಳಿಸಬೇಡಿ. ತುಮಕೂರಿಗೋ ಬೆಂಗಳೂರಿಗೋ ಯೂರಾಲಜಿಸ್ಟ್ ಹತ್ತಿರ ಹೋಗಿ ಅಂತ ಚೀಟಿ ಬರೆಯಿರಿ. ಒಂದೇ ಸಲ ಕಂಡಿದ್ದರೂ ಸರಿ, ಇವತ್ತಿನ ಮೂತ್ರ ತಿಳಿಯಾಗಿದ್ದರೂ ಸರಿ. ರಕ್ತ ನಿಂತ ಮೇಲೆ ಬಂದ 'ನಾರ್ಮಲ್' ರಿಪೋರ್ಟನ್ನು ನಂಬಿ ಕೂರುವಂತಿಲ್ಲ. ಸ್ಕ್ಯಾನ್ ಮಾಡಿಸಿ, ಸಿಸ್ಟೋಸ್ಕೋಪಿನಲ್ಲಿ ಒಳಗೆ ನೋಡಿಸಬೇಕು.

ಪರೀಕ್ಷೆಗೆ ಬರುವವರು ರಾತ್ರಿ ಹಿಡಿದಿಟ್ಟ ಮೂತ್ರ ತರಬೇಡಿ, ನಿಂತಷ್ಟೂ ರಕ್ತಕಣ ಒಡೆದುಹೋಗುತ್ತವೆ. ಟಾನಿಕ್ ಬಾಟಲಿ ತೊಳೆದು ತರುವುದೂ ಬೇಡ, ಡಬ್ಬಿ ಲ್ಯಾಬಿನಲ್ಲೇ ಕೊಡುತ್ತಾರೆ. ಎಳನೀರು ಕುಡಿದೇ ಬನ್ನಿ, ಅಡ್ಡಿಯಿಲ್ಲ. ಆದರೆ ಬನ್ನಿ.