ಸಿಗ್ನಲ್ ಏರಿಸಬೇಡಿ, ನಾಯ್ಸ್ ಇಳಿಸಿ

ಬೆಳಿಗ್ಗೆ ಕಾಲೇಜು ಬಸ್ಸು ಹತ್ತಿದವರು ಒಮ್ಮೆ ಹಿಂದಿನ ಸೀಟಿನಿಂದ ಮುಂದಿನವರೆಗೆ ಕಣ್ಣು ಹಾಯಿಸಿ, ಖಾಲಿ ಕಿವಿ ಎಷ್ಟು ಸಿಗುತ್ತೆ ಅಂತ ಎಣಿಸಿ. ಒಬ್ಬರಿಗೆ ವೈರು, ಒಬ್ಬರಿಗೆ ಬಡ್ಸ್, ಗೇಮರ್ ಮಹಾಶಯರ ತಲೆ ಮೇಲೆ ಹೆಲ್ಮೆಟ್ ಸೈಜಿನ ಹೆಡ್‌ಫೋನ್. ಲೈಬ್ರರಿ, ಜಿಮ್ಮು, ಹಾಸ್ಟೆಲ್ ಮಂಚ, ಎಲ್ಲಾ ಕಡೆ ಇದೇ ದೃಶ್ಯ. ಮನೆಗೆ ಹೋದಾಗ ಅಮ್ಮ ಹೇಳೋದು ಒಂದೇ ಮಾತು: "ಅದನ್ನ ಕಿವಿಯಿಂದ ತೆಗಿ, ಕಿವುಡ ಆಗ್ತೀಯ." ನಾವು "ಹ್ಞೂ ಅಮ್ಮಾ" ಅಂತೀವಿ. ಅಮ್ಮನ ಮಾತು ಕೇಳಿಸದೇ ಇರೋಕೆ ವಾಲ್ಯೂಮ್ ಇನ್ನೊಂದು ಪಾಯಿಂಟ್ ಮೇಲೆ ಹೋಗುತ್ತೆ.

ಅಮ್ಮನ ಆತಂಕ ಸುಳ್ಳಲ್ಲ. ಜೋರು ಸದ್ದು ಕೇಳುವ ಅಭ್ಯಾಸದಿಂದ ಜಗತ್ತಿನ 100 ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆದರೆ ಬೈಗುಳ ಬೀಳ್ತಾ ಇರೋದು ಹೆಡ್‌ಫೋನ್ ಮೇಲೆ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ: ನಾವು ವಾಲ್ಯೂಮ್ ಅಷ್ಟು ಏರಿಸೋದು ಯಾಕೆ? ಬಹಳಷ್ಟು ಸಲ ಹಾಡಿನ ಮೇಲಿನ ಪ್ರೀತಿಗಿಂತ ಸುತ್ತಲಿನ ಗಲಾಟೆಯೇ ಅದಕ್ಕೆ ಕಾರಣ. ಸಿಗ್ನಲ್-ಟು-ನಾಯ್ಸ್ ರೇಶಿಯೊ ಹೆಚ್ಚಿಸೋಕೆ ಎರಡು ದಾರಿ ಇವೆ ಅಂತ ನಮಗೆ ಕ್ಲಾಸಲ್ಲಿ ಹೇಳಿಕೊಟ್ಟಿದ್ದಾರೆ. ಸಿಗ್ನಲ್ ಏರಿಸಬಹುದು, ಇಲ್ಲಾ ನಾಯ್ಸ್ ಇಳಿಸಬಹುದು. ಕಿವಿಯ ವಿಷಯದಲ್ಲಿ ನಾವೆಲ್ಲಾ ಮೊದಲನೇ ದಾರಿ ಹಿಡಿದಿದ್ದೀವಿ. ಅದು ದುಬಾರಿ ದಾರಿ.

ಎಷ್ಟು ದುಬಾರಿ ಅಂತ ತಿಳಿಯೋಕೆ ಡೆಸಿಬಲ್ ಲೆಕ್ಕ ಬೇಕು. ಅದನ್ನ ಮಾಡಿದವರು ನಮ್ಮವರೇ, ಟೆಲಿಫೋನ್ ಎಂಜಿನಿಯರುಗಳು. ಗ್ರಹಾಂ ಬೆಲ್ ಹೆಸರೇ ಆ ಯೂನಿಟ್ಟಿನಲ್ಲಿದೆ. ಅದು ಲಾಗರಿದಮ್ ಸ್ಕೇಲ್ ಅಂತ ಪರೀಕ್ಷೆಯಲ್ಲಿ ಬರೀತೀವಿ, ಹೊರಗೆ ಬಂದ ಕೂಡಲೇ ಮರೀತೀವಿ. 3 ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಎರಡು ಪಟ್ಟು. 10 ಏರಿದರೆ ಹತ್ತು ಪಟ್ಟು. ಆದರೆ ಆ 10 ಡೆಸಿಬಲ್ ಏರಿಕೆ ನಮ್ಮ ಅನುಭವಕ್ಕೆ ಬರೋದು ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅಂತ ಮಾತ್ರ. ಅಂದರೆ ಬಿಲ್ ಹತ್ತು ಪಟ್ಟು ಬಂದಿದೆ, ಮೀಟರ್ ತೋರಿಸ್ತಿರೋದು ಎರಡು ಪಟ್ಟು. ಇಂಥ ಮೀಟರ್ ನಂಬಿಕೊಂಡು "ನನಗೇನೂ ಜೋರು ಅನ್ನಿಸ್ತಿಲ್ಲ" ಅನ್ನೋದರಲ್ಲಿ ಅರ್ಥ ಇಲ್ಲ.

ಕಿವಿಗೆ ಆಗೋ ಹಾನಿ ಒಂದು ಡೋಸ್ ಇದ್ದ ಹಾಗೆ. ಎಷ್ಟು ಜೋರು ಮತ್ತು ಎಷ್ಟು ಹೊತ್ತು, ಎರಡೂ ಸೇರಿ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಮಾಡಿರೋ ಮಾನದಂಡದಲ್ಲಿ ದೊಡ್ಡವರಿಗೆ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧ ಆಗ್ತಾ ಹೋಗುತ್ತೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ. ನೂರರ ಹತ್ತಿರ ಬಂದಾಗ ಇಡೀ ವಾರದ ಕೋಟಾ ಅರ್ಧ ಗಂಟೆಯೂ ಬಾಳಲ್ಲ. ಎಷ್ಟೋ ಫೋನುಗಳು ಫುಲ್ ವಾಲ್ಯೂಮ್‌ನಲ್ಲಿ ಆ ನೂರನ್ನ ಆರಾಮಾಗಿ ಮುಟ್ಟುತ್ತವೆ.

ಈಗ ಬಸ್ಸಿಗೆ ಲೆಕ್ಕ ಹಾಕೋಣ. ಎಂಜಿನ್, ಗಾಳಿ, ಹಾರ್ನ್, ಅಲ್ಲಾಡೋ ಕಿಟಕಿ ಎಲ್ಲಾ ಸೇರಿ ಒಳಗೆ 79 ಡೆಸಿಬಲ್ ಇದೆ ಅಂತ ಇಟ್ಟುಕೊಳ್ಳಿ. ಹಾಡಿನ ಸಾಹಿತ್ಯ ಸ್ಪಷ್ಟವಾಗಿ ಕೇಳಬೇಕು ಅಂದರೆ ಅದು ಗದ್ದಲಕ್ಕಿಂತ 10 ಡೆಸಿಬಲ್ ಮೇಲೆ ನಿಲ್ಲಬೇಕು ಅಂತಿಟ್ಟುಕೊಳ್ಳಿ. ಅಲ್ಲಿಗೆ 89. ಸಿಗೋದು ವಾರಕ್ಕೆ 5 ಗಂಟೆ. ಹೋಗೋಕೆ 45 ನಿಮಿಷ, ಬರೋಕೆ 45 ನಿಮಿಷ, ದಿನಕ್ಕೆ ಒಂದೂವರೆ ಗಂಟೆ. ಸೋಮವಾರ ಶುರುವಾದ ಕೋಟಾ ಗುರುವಾರ ಬೆಳಿಗ್ಗೆ ಕಾಲೇಜು ಗೇಟು ಬರೋ ಮುಂಚೆಯೇ ಮುಗಿದುಹೋಯ್ತು. ಇದರ ಮೇಲೆ ರಾತ್ರಿಯ ಗೇಮಿಂಗ್, ಜಿಮ್ಮಿನ ಪ್ಲೇಲಿಸ್ಟ್, ಇಂಟರ್ನಲ್ಸ್ ಓದುವಾಗ ಪಕ್ಕದ ರೂಮಿನ ಗಲಾಟೆ ತಡೆಯೋಕೆ ಹಾಕಿಕೊಳ್ಳೋ ಹಾಡು, ಎಲ್ಲಾ ಸಾಲದ ಲೆಕ್ಕಕ್ಕೆ.

ಅದೇ ಬಸ್ಸಿನಲ್ಲಿ ಎರಡನೇ ದಾರಿ ನೋಡಿ. ಕಿವಿಗೆ ಸರಿಯಾಗಿ ಕೂರೋ ಸಿಲಿಕೋನ್ ಟಿಪ್ ಹಾಕಿ ಹೊರಗಿನ ಸದ್ದನ್ನ 15 ಡೆಸಿಬಲ್ ತಡೆದಿರಿ ಅನ್ನಿ. ಗದ್ದಲ 64ಕ್ಕೆ ಇಳೀತು. ಹಾಡು 74ರಲ್ಲಿ ಇದ್ದರೆ ಸಾಕು. ರೇಶಿಯೊ ಅದೇ 10, ಹಾಡು ಅಷ್ಟೇ ಸ್ಪಷ್ಟ. ಆದರೆ ಕಿವಿಗೆ ಬೀಳೋ ಶಕ್ತಿ ಮೊದಲಿನ 32ರಲ್ಲಿ ಒಂದು ಪಾಲು. ಲೆಕ್ಕದ ಪ್ರಕಾರ ಈಗ ವಾರಕ್ಕೆ 160 ಗಂಟೆ ಕೇಳಬಹುದು, ವಾರದಲ್ಲಿ ಇರೋದೇ 168. ಹಾಡು ಬಿಡಬೇಕಾಗಿಲ್ಲ, ಹೆಡ್‌ಫೋನ್ ಎಸೆಯಬೇಕಾಗಿಲ್ಲ. ಎಲ್ಲಿ ಕೈ ಹಾಕಬೇಕು ಅನ್ನೋದು ಗೊತ್ತಿದ್ದರೆ ಸಾಕು.

"ಸರಿ ಗುರು, ಸ್ವಲ್ಪ ಕಿವಿ ಹಾಳಾದರೆ ಏನೀಗ? ಹಿಯರಿಂಗ್ ಏಡ್ ಇದೆಯಲ್ಲ" ಅನ್ನೋರಿಗೆ ಒಳಗಿನ ರಚನೆ ಸ್ವಲ್ಪ ಹೇಳಬೇಕು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರೋ ಕಾಕ್ಲಿಯಾ ಅನ್ನೋ ಅಂಗ ಇದೆ. ಅದು ಒಂದು ಫ್ರೀಕ್ವೆನ್ಸಿ ಅನಲೈಸರ್. ಬುಡದ ಕಡೆ ತಾರಸ್ವರ, ತುದಿಯ ಕಡೆ ಮಂದ್ರ, ಹೀಗೆ ಒಂದೊಂದು ಜಾಗಕ್ಕೆ ಒಂದೊಂದು ಫ್ರೀಕ್ವೆನ್ಸಿ. ಇದು ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಿದ್ದಕ್ಕೆ 1961ರ ವೈದ್ಯಕೀಯ ನೊಬೆಲ್ ಪಡೆದ ಜಾರ್ಜ್ ಫಾನ್ ಬೆಕೆಶಿ ಡಾಕ್ಟರ್ ಅಲ್ಲ, ಬುಡಾಪೆಸ್ಟ್‌ನಲ್ಲಿ ಟೆಲಿಫೋನ್ ಇಲಾಖೆಯ ಲ್ಯಾಬಿನಲ್ಲಿ ಕೆಲಸ ಮಾಡಿದ್ದ ವಿಜ್ಞಾನಿ. ಆ ಅನಲೈಸರಿನ ಸೆನ್ಸರುಗಳೇ ಹೇರ್ ಸೆಲ್‌ಗಳು. ಒಂದು ಕಿವಿಗೆ ಸುಮಾರು 15 ಸಾವಿರ. ಕೇಳೋಕೆ ದೊಡ್ಡ ಸಂಖ್ಯೆ ಅನ್ನಿಸುತ್ತೆ, ಆದರೆ ನಮ್ಮ ಫೋನ್ ಕ್ಯಾಮೆರಾದಲ್ಲಿ ಪಿಕ್ಸೆಲ್‌ಗಳು ಕೋಟಿಗಟ್ಟಲೆ. ಹಕ್ಕಿಗಳಲ್ಲಿ ಸತ್ತ ಹೇರ್ ಸೆಲ್ ಮತ್ತೆ ಹುಟ್ಟುತ್ತೆ. ಮನುಷ್ಯರಲ್ಲಿ ಹುಟ್ಟಲ್ಲ. ಸ್ಪೇರ್ ಪಾರ್ಟ್ ಇಲ್ಲ, ವಾರಂಟಿ ಇಲ್ಲ.

ಜೋರು ಸದ್ದಿನ ಪೆಟ್ಟು ಮೊದಲು ಬೀಳೋದು ಸಾಮಾನ್ಯವಾಗಿ 4000 ಹರ್ಟ್ಸ್ ಆಸುಪಾಸಿನಲ್ಲಿ. ನಾವು ಕನ್ನಡ ಬಳಗದವರು ಗಮನಿಸಬೇಕಾದ ವಿಷಯ ಇಲ್ಲೇ ಇರೋದು. ಮಾತಿನಲ್ಲಿ ಸ್ವರಗಳ ಬಲ ಹೆಚ್ಚಾಗಿ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿರುತ್ತೆ. ಸ, ಶ, ಚ, ತ, ಕ ಥರದ ವ್ಯಂಜನಗಳ ಗುರುತು ಮೇಲಿನ ಫ್ರೀಕ್ವೆನ್ಸಿಗಳಲ್ಲಿ. ಮೇಲಿನದ್ದು ಸವೆದರೆ "ಹಾಲು", "ಸಾಲು", "ಪಾಲು", "ಕಾಲು" ನಾಲ್ಕೂ ಬರೀ "ಆಲು" ಆಗಿ ಕೇಳಿಸುತ್ತೆ. ಯಾರೋ ಮಾತಾಡ್ತಿದ್ದಾರೆ ಅಂತ ಗೊತ್ತಾಗುತ್ತೆ, ಏನು ಮಾತಾಡ್ತಿದ್ದಾರೆ ಅಂತ ಗೊತ್ತಾಗಲ್ಲ. ಕ್ಯಾಂಟೀನಿನ ಗದ್ದಲದಲ್ಲಿ ಎಲ್ಲರೂ ನಕ್ಕಾಗ ಜೋಕ್ ಅರ್ಥ ಆಗದೆಯೂ ನಗಬೇಕಾಗುತ್ತೆ. ಹಿಯರಿಂಗ್ ಏಡ್ ಸದ್ದನ್ನ ದೊಡ್ಡದು ಮಾಡಿಕೊಡುತ್ತೆ, ಎಷ್ಟೋ ಜನರ ಬದುಕನ್ನ ಸುಲಭ ಮಾಡಿದೆ ಕೂಡ. ಆದರೆ ಸತ್ತ ಸೆನ್ಸರಿಗೆ ಎಷ್ಟು ಗೇನ್ ಕೊಟ್ಟರೂ ಮೊದಲಿನ ರೆಸಲ್ಯೂಶನ್ ವಾಪಸ್ ಬರಲ್ಲ. ಇದರ ಜೊತೆ ಕೆಲವರಿಗೆ ಟಿನಿಟಸ್ ಅಂಟಿಕೊಳ್ಳುತ್ತೆ. ಹೊರಗೆ ಸದ್ದೇ ಇಲ್ಲದಿದ್ದರೂ ಕಿವಿಯೊಳಗೆ ಗುಂಯ್ ಅನ್ನೋದು. ಅದಕ್ಕೆ ಆಫ್ ಬಟನ್ ಇಲ್ಲ.

"ನಾನು ನಾಲ್ಕು ವರ್ಷದಿಂದ ಹೀಗೇ ಕೇಳ್ತಿದೀನಿ, ಏನೂ ಆಗಿಲ್ಲ" ಅನ್ನೋದು ನಮ್ಮ ಎರಡನೇ ವಾದ. ಡಿಜೆ ನೈಟ್ ಮುಗಿಸಿ ಬಂದಾಗ ಕಿವಿ ಮುಚ್ಚಿದ ಹಾಗಿತ್ತು, ಬೆಳಿಗ್ಗೆ ಸರಿ ಹೋಯ್ತು, ಅಲ್ವಾ? ಸರಿ ಹೋಗಿದ್ದು ಎಷ್ಟು ಅನ್ನೋದೇ ಪ್ರಶ್ನೆ. 2009ರಲ್ಲಿ ಅಮೆರಿಕದ ಕುಜಾವಾ ಮತ್ತು ಲಿಬರ್‌ಮನ್ ಇಲಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಎರಡು ಗಂಟೆ ಜೋರು ಸದ್ದು ಕೇಳಿದ ಇಲಿಗಳ ಶ್ರವಣ ಪರೀಕ್ಷೆ ಕೆಲವು ದಿನಗಳಲ್ಲಿ ನಾರ್ಮಲ್‌ಗೆ ಬಂತು, ಹೇರ್ ಸೆಲ್‌ಗಳೂ ಉಳಿದಿದ್ದವು. ಆದರೆ ಆ ಸೆಲ್‌ಗಳಿಂದ ನರಕ್ಕೆ ಹೋಗೋ ಕನೆಕ್ಷನ್‌ಗಳಲ್ಲಿ ದೊಡ್ಡ ಪಾಲು ಶಾಶ್ವತವಾಗಿ ಹೋಗಿತ್ತು. ಸೆನ್ಸರ್ ಸರಿ ಇದೆ, ವೈರು ಕಟ್ಟಾಗಿದೆ. ಇಲಿಯಲ್ಲಿ ಕಂಡದ್ದನ್ನ ಹಾಗೇ ಮನುಷ್ಯರಿಗೆ ಅಂಟಿಸೋದು ತಪ್ಪು. ಆದರೂ "ಬೆಳಿಗ್ಗೆ ಸರಿ ಹೋಯ್ತು" ಅನ್ನೋದನ್ನ ಕ್ಲೀನ್ ಚಿಟ್ ಅಂತ ತಿಳಿಯೋಕೆ ಆಗಲ್ಲ ಅನ್ನೋಷ್ಟು ಪಾಠ ಅದರಲ್ಲಿದೆ.

ಹಾಗಾದರೆ ಮಾಡಬೇಕಾದ್ದೇನು? ನಮ್ಮ ಕೈಯಲ್ಲಿರೋದು ಮೊದಲು. ಶಾಂತವಾಗಿರೋ ರೂಮಿನಲ್ಲಿ ಕೂತು ಹಿತ ಅನ್ನಿಸೋ ವಾಲ್ಯೂಮ್ ಇಟ್ಟುಕೊಳ್ಳಿ, 60 ಪರ್ಸೆಂಟ್ ದಾಟದೇ ಇರಲಿ. ಅದೇ ನಿಮ್ಮ ಮಿತಿ. ಹೊರಗೆ ಹೋದಾಗ ಅದು ಸಾಲಲ್ಲ ಅನ್ನಿಸಿದರೆ, ತೊಂದರೆ ಇರೋದು ನಾಯ್ಸ್‌ನಲ್ಲಿ. ಬಾಕ್ಸಿನಲ್ಲಿ ಬರೋ ಮೂರು ಸೈಜಿನ ಟಿಪ್‌ಗಳನ್ನ ಎಸೆಯಬೇಡಿ, ಕಿವಿಗೆ ಕೂರೋದನ್ನ ಹುಡುಕಿ. ಬಸ್ಸಿನ ಎಂಜಿನ್ ಥರದ ಒಂದೇ ಸಮ ಗುಯ್‌ಗುಟ್ಟೋ ಸದ್ದಿಗೆ ನಾಯ್ಸ್ ಕ್ಯಾನ್ಸಲೇಷನ್ ಚೆನ್ನಾಗಿ ಕೆಲಸ ಮಾಡುತ್ತೆ. ಹೊಸ ಬಡ್ಸ್ ಕೊಳ್ಳುವಾಗ "ಎಕ್ಸ್‌ಟ್ರಾ ಬೇಸ್" ಅನ್ನೋ ಸ್ಟಿಕ್ಕರಿಗಿಂತ ಇದಕ್ಕೆ ದುಡ್ಡು ಕೊಡೋದು ಮೇಲು. ರಸ್ತೆ ದಾಟುವಾಗ ಮಾತ್ರ ಎರಡೂ ಕಿವಿ ಖಾಲಿ ಇರಲಿ. ಹಾಡು ಹಾಕಿಕೊಂಡೇ ಮಲಗೋರು ಟೈಮರ್ ಇಡಿ, ನಿದ್ದೆಯಲ್ಲಿ ಕೇಳಿದ್ದೂ ಡೋಸ್‌ಗೆ ಸೇರುತ್ತೆ. ಇನ್ನೊಂದು ಮಾತು: ಒಂದು ದಿನ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಮಂಕಾಗಿದ್ದರೆ "ಗುಗ್ಗೆ ಇರಬೇಕು, ಸೆಮ್ ಮುಗೀಲಿ" ಅಂತ ಕೂರಬೇಡಿ. ಅದು ತುರ್ತು, ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ತಡ ಆದಷ್ಟೂ ಚಿಕಿತ್ಸೆಯ ಫಲ ಕಮ್ಮಿ.

ಆದರೆ ಎಲ್ಲಾ ಹೊರೆಯನ್ನ ಒಬ್ಬೊಬ್ಬ ವಿದ್ಯಾರ್ಥಿಯ ತಲೆಗೆ ಕಟ್ಟೋದನ್ನ ನಾನು ಒಪ್ಪಲ್ಲ. ನಾಯ್ಸ್ ಮಾಡೋರು ಬೇರೆ, ಕಿವಿ ಕಳೆದುಕೊಳ್ಳೋರು ಬೇರೆ ಆಗಬಾರದು. ಹಾಸ್ಟೆಲ್ ಕಾರಿಡಾರಿನಲ್ಲಿ ರಾತ್ರಿ ಹನ್ನೊಂದಕ್ಕೆ ಬ್ಲೂಟೂತ್ ಸ್ಪೀಕರ್ ಕಿರುಚುತ್ತಿದ್ದರೆ ಓದೋ ಹುಡುಗ ಹೆಡ್‌ಫೋನ್ ಏರಿಸದೆ ಇನ್ನೇನು ಮಾಡ್ತಾನೆ? ಕಾಲೇಜಿನಿಂದ ಮೂರು ವಿಷಯ ಕೇಳೋ ಹಕ್ಕು ನಮಗಿದೆ ಅನ್ನಿಸುತ್ತೆ.

ಒಂದು, ಹಾಸ್ಟೆಲ್‌ನಲ್ಲಿ ರಾತ್ರಿ ಹತ್ತರ ನಂತರ ನಿಶ್ಶಬ್ದ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕೋ ನಿಯಮ ನಮ್ಮ ದೇಶದಲ್ಲಿ 2000ದಿಂದಲೇ ಇದೆ. ಊರಿಗೆ ಇರೋ ಶಿಸ್ತು ಹಾಸ್ಟೆಲ್ಲಿಗೂ ಇರಲಿ.

ಎರಡು, ಅಡ್ಮಿಶನ್ ವೇಳೆ ಬ್ಲಡ್ ಗ್ರೂಪ್ ಕೇಳೋ ಹಾಗೆ, ಮೊದಲ ವರ್ಷದಲ್ಲಿ ಒಮ್ಮೆ ಶ್ರವಣ ಪರೀಕ್ಷೆಯನ್ನೂ ಮಾಡಿಸಲಿ. ಬೇಸ್‌ಲೈನ್ ರೀಡಿಂಗ್ ಇಲ್ಲದೆ ಡ್ರಿಫ್ಟ್ ಅಳೆಯೋಕಾಗಲ್ಲ ಅಂತ ಲ್ಯಾಬಿನಲ್ಲಿ ಹೇಳ್ತಾರಲ್ಲ, ಕಿವಿಗೂ ಅದೇ ನ್ಯಾಯ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಎಷ್ಟೋ ವೈದ್ಯಕೀಯ ಕಾಲೇಜುಗಳ ಇಎನ್‌ಟಿ ವಿಭಾಗದಲ್ಲೂ ಆಡಿಯೋಗ್ರಾಮ್ ಮಾಡ್ತಾರೆ. ಒಂದು ಕ್ಯಾಂಪ್ ಮಾಡಿಸೋದು ಆಗದ ಕೆಲಸವೇನಲ್ಲ.

ಮೂರು, ಫೆಸ್ಟ್. ಇಲ್ಲಿ ನಾವೇ ಆಯೋಜಕರು, ಆದ್ದರಿಂದ ನೆಪ ಹೇಳೋಕಾಗಲ್ಲ. ಕಾರ್ಯಕ್ರಮಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ 15 ನಿಮಿಷದ ಸರಾಸರಿ 100 ಡೆಸಿಬಲ್ ಮೀರಬಾರದು, ಸದ್ದನ್ನ ಅಳೀತಾ ಇರಬೇಕು, ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ವಿಶ್ರಾಂತಿ ಕೊಡೋಕೆ ಶಾಂತ ಜಾಗ ಇರಬೇಕು ಅಂತಿದೆ. 100 ಅಂದರೆ ಸಪ್ಪೆ ಅಲ್ಲ, ಕುಣಿಯೋಕೆ ಧಾರಾಳ ಸಾಕು. "ಬೇಸ್ ಎದೆಗೆ ಗುದ್ದಬೇಕು ಗುರು" ಅನ್ನೋರ ಆಸೆಯೂ ಅದರೊಳಗೇ ತೀರುತ್ತೆ. ಸ್ಪೀಕರ್ ಮುಂದೆ ಬ್ಯಾರಿಕೇಡ್ ಕೆಲವು ಮೀಟರ್ ಹಿಂದೆ ಸರಿಸಿದರೂ ಸಾಕಷ್ಟು ವ್ಯತ್ಯಾಸ ಆಗುತ್ತೆ. ತೆರೆದ ಬಯಲಿನಲ್ಲಿ ಒಂದೇ ಸ್ಪೀಕರಿನಿಂದ ದೂರ ಎರಡು ಪಟ್ಟಾದರೆ 6 ಡೆಸಿಬಲ್ ಇಳಿಯುತ್ತೆ, ಇನ್ವರ್ಸ್ ಸ್ಕ್ವೇರ್ ಲಾ ಓದಿದವರಿಗೆ ಹೇಳಬೇಕಾಗಿಲ್ಲ. ಮಿಕ್ಸರ್ ಪಕ್ಕ ಸೌಂಡ್ ಲೆವೆಲ್ ಮೀಟರ್ ಹಿಡಿದು ಕೂರೋಕೆ ಇಸಿ ಬ್ರಾಂಚಿನ ಇಬ್ಬರು ವಾಲಂಟಿಯರ್ ಸಾಕು. ಅವರಿಗೆ ಅದೊಂದು ಒಳ್ಳೇ ಮಿನಿ ಪ್ರಾಜೆಕ್ಟೂ ಆಗುತ್ತೆ.

ನಾವು ಓದಿರೋ ವಿದ್ಯೆ ಪ್ಲೇಸ್‌ಮೆಂಟ್ ಟೆಸ್ಟಿಗೆ ಮಾತ್ರ ಅಂತ ಯಾಕಂದುಕೊಳ್ಳಬೇಕು? ಲಾಗರಿದಮ್, ಎಸ್‌ಎನ್‌ಆರ್, ಬೇಸ್‌ಲೈನ್, ಮೂರೂ ನಮಗೆ ಗೊತ್ತು. ಮುಂದಿನ ಫೆಸ್ಟ್ ಮೀಟಿಂಗಿನಲ್ಲಿ ಸೌಂಡ್ ಸಿಸ್ಟಮ್ ಎಷ್ಟು ವಾಟ್ ಅಂತ ಎಲ್ಲರೂ ಕೇಳ್ತಾರೆ. ನೀವು ಎದ್ದು ನಿಂತು, ಜನ ನಿಲ್ಲೋ ಜಾಗದಲ್ಲಿ ಎಷ್ಟು ಡೆಸಿಬಲ್, ಅಳೆಯೋರು ಯಾರು ಅಂತ ಕೇಳಿ. ಉತ್ತರ ಸಿಗೋವರೆಗೂ ಕೂರಬೇಡಿ.