ಎಂ-ಸೀಲ್ ಮೆತ್ತಿದ್ರೆ ಮುಗೀತಾ?

ಈ ಕಡೆ ಬಂದು ತುಂಬಾ ದಿನ ಆಯ್ತು. ಆಫೀಸಿನಲ್ಲಿ ರಿಲೀಸ್ ಗಲಾಟೆ, ಬೈಬೇಡಿ :)

ನಮ್ಮ ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ನೀರೊಳಗಿನ ದೀಪವೊಂದರ ಗಾಜು ಒಡೆದಿದೆ. ಭಾನುವಾರದ ಮೀಟಿಂಗ್‌ನಲ್ಲಿ ಮುಕ್ಕಾಲು ಗಂಟೆ ಪಾರ್ಕಿಂಗ್ ಜಗಳ. ಕೊನೇ ಎರಡು ನಿಮಿಷದಲ್ಲಿ "ಎಂ-ಸೀಲ್ ಮೆತ್ತಿ, ಬೇಸಿಗೆ ಕಳೀಲಿ, ಆಮೇಲೆ ನೋಡೋಣ" ಅಂತ ಇದನ್ನು ಮುಗಿಸಿದರು. ನಾನು ಬೇಡ ಅಂದೆ. "ನೀವು ಸಾಫ್ಟ್‌ವೇರ್ ಅಲ್ವೇನ್ರೀ?" ಅಂದರು ಒಬ್ಬ ಹಿರಿಯರು. ಹೌದು ಸ್ವಾಮಿ, ಮೊದಲ ವರ್ಷದ ಎಲೆಕ್ಟ್ರಿಕಲ್ ಪೇಪರನ್ನು ಹೇಗೋ ದಾಟಿಸಿದವನೇ ನಾನು. ಆದರೂ ಸುಮ್ಮನಿರೋಕೆ ಆಗಲಿಲ್ಲ.

ಗೋಡೆಯ ಗೂಡಿನಲ್ಲಿ ನೀರು ತುಂಬಿರೋದು ತಪ್ಪಲ್ಲ. ಈ ಬಗೆಯ ದೀಪದ ಬಿಸಿಯನ್ನು ತಣಿಸೋದೇ ಆ ನೀರು. ನೀರು ಹೋಗಬಾರದ್ದು ದೀಪದ ಡಬ್ಬಿಯೊಳಗೆ. ಅದನ್ನು ಕಾಯೋದು ಗಾಜು ಮತ್ತು ಅದರ ಅಂಚಿನ ರಬ್ಬರ್ ಗ್ಯಾಸ್ಕೆಟ್. ಎರಡರಲ್ಲಿ ಒಂದು ಹೋದ ಮೇಲೆ ಹೊರಗಿಂದ ಪುಟ್ಟಿ ಮೆತ್ತಿದರೆ, ಆಗಲೇ ಒಳಗೆ ಸೇರಿದ ನೀರು ಎಲ್ಲಿಗೆ ಹೋಗುತ್ತೆ? ಟರ್ಮಿನಲ್ ತುಕ್ಕು ಹಿಡಿಸಿಕೊಂಡು ಅಲ್ಲೇ ಕೂತಿರುತ್ತೆ. ಪುಟ್ಟಿಗೂ ಕೆಲಸ ಇದೆ, ಇಲ್ಲ ಅಂತಲ್ಲ: ಗೂಡಿನ ಹಿಂದೆ ಕೇಬಲ್ ಹೋಗುವ ಪೈಪಿನ ಬಾಯಲ್ಲಿ ಸೋರಿದರೆ ಅಲ್ಲಿ.

"12 ವೋಲ್ಟ್ ತಾನೇ" ಅನ್ನೋ ಮಾತೂ ಬಂತು. ಟ್ರಾನ್ಸ್‌ಫಾರ್ಮರ್ ಸರಿಯಿದ್ದರೆ ಸರಿ. ಅದರ ಪೆಟ್ಟಿಗೆ ತೆಗೆದು ನೋಡಿದವರು ಯಾರು? ಮೀಟಿಂಗ್ ಆದಮೇಲೆ ಎಲೆಕ್ಟ್ರಿಷಿಯನ್ ಜತೆ ಪಂಪ್ ರೂಮಿಗೆ ಹೋದೆ. 30 ಮಿಲಿಆಂಪಿಯರ್ ಸೋರಿಕೆಗೇ ಬೀಳಬೇಕಾದ ಆರ್‌ಸಿಸಿಬಿ ಬೈಪಾಸ್ ಆಗಿತ್ತು! "ಪದೇ ಪದೇ ಟ್ರಿಪ್ ಆಗ್ತಿತ್ತು ಸಾರ್, ಕಂಪ್ಲೇಂಟ್ ಬರ್ತಿತ್ತು." ಟ್ರಿಪ್ ಆಗ್ತಿದ್ದದ್ದೇ ಅದು ಹೇಳ್ತಿದ್ದ ಕಂಪ್ಲೇಂಟ್ ಅಂತ ಯಾರಿಗೂ ಹೊಳೆದಿಲ್ಲ. ನಮ್ಮಲ್ಲೂ ಎರರ್ ಬಂದ್ರೆ ಲಾಗ್ ಆಫ್ ಮಾಡೋರಿದ್ದಾರೆ ಬಿಡಿ, ಆದ್ರೆ ಅಲ್ಲಿ ಯಾರೂ ಸಾಯಲ್ಲ.

2023ರ ಡಿಸೆಂಬರ್‌ನಲ್ಲಿ ವರ್ತೂರು ಕಡೆಯ ಅಪಾರ್ಟ್‌ಮೆಂಟೊಂದರ ಈಜುಕೊಳದಲ್ಲಿ ಪುಟ್ಟ ಹುಡುಗಿಯೊಬ್ಬಳು ತೀರಿಕೊಂಡಳು. ವಿದ್ಯುತ್ ತಗುಲಿತ್ತು ಅಂತ ಮುಂದೆ ಬಂಧನಗಳೂ ಆದವು. ಮೀಟಿಂಗ್‌ನಲ್ಲಿ ಇದನ್ನು ನೆನಪಿಸಿದಾಗ "ಅಪಶಕುನ ನುಡೀಬೇಡಿ" ಅಂದರು.

ತಾತ್ಕಾಲಿಕ ಅಂದ್ರೆ ನನ್ನ ಪ್ರಕಾರ ಇಷ್ಟು: ಆ ದೀಪದ ವೈರನ್ನು ಪ್ಯಾನೆಲ್‌ನಲ್ಲೇ ಕಳಚೋದು, ಗಾಜಿನ ಚೂರು ಆಯೋವರೆಗೂ ಕೊಳ ಮುಚ್ಚೋದು. ರಿಪೇರಿಗೆ ನೀರು ಖಾಲಿ ಮಾಡಬೇಕಿಲ್ಲ. ಇಂಥ ದೀಪ ಹಾಕುವಾಗ ಗೂಡಿನಲ್ಲಿ ಕೇಬಲ್ ಸುರುಳಿ ಉಳಿಸಿರುತ್ತಾರೆ, ದೀಪವನ್ನು ದಡಕ್ಕೇ ಎತ್ತಿ ಗಾಜು, ಗ್ಯಾಸ್ಕೆಟ್ ಎರಡನ್ನೂ ಬದಲಾಯಿಸಬಹುದು.

ವೈರನ್ನು ಅವತ್ತೇ ಎಲೆಕ್ಟ್ರಿಷಿಯನ್ ಕೈಲಿ ಕಳಚಿಸಿದ್ದೇನೆ. ಸೆಕ್ರೆಟರಿಗೆ ಇನ್ನೂ ಹೇಳಿಲ್ಲ.